ಉಂಡ ಮೇಲೆ ತೆಗೆದುಕೊಳ್ಳುವ ಗುಳಿಗೆ

ಪೂಜಾ, ಬಸು,

ಬೈಲಹೊಂಗಲಕ್ಕೆ ಬಂದ ಮೊದಲ ವಾರದಲ್ಲೇ ನನಗೆ ಈ ಊರಿನ ಮೇಲೆ ಸಿಟ್ಟು ಬಂತು. ಡಾಕ್ಟರು ನಿಮ್ಮಜ್ಜನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದರು, ಫೀ ತೆಗೆದುಕೊಂಡರು, ಒಂದು ಚೀಟಿ ಬರೆದುಕೊಟ್ಟು ಹೋಗಿರಿ ಎಂದರು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಔಷಧ ಎಲ್ಲಿ? ಸಿರಸಂಗಿಯಲ್ಲಿ ನಮ್ಮ ಡಾಕ್ಟರು ಸೈಕಲ್ ಮೇಲೆ ಬರುತ್ತಿದ್ದರು. ಸೂಜಿಯೂ ಅವರ ಚೀಲದಲ್ಲಿ, ಗುಳಿಗೆಯೂ ಅವರ ಚೀಲದಲ್ಲಿ. ಕೆಂಪು ಎರಡು, ಬಿಳಿ ಎರಡು ಕಾಗದದಲ್ಲಿ ಕಟ್ಟಿ ಕೈಗೆ ಕೊಡುತ್ತಿದ್ದರು. ಸುಗ್ಗಿಯಾದ ಮೇಲೆ ನಮ್ಮ ಮನೆಯಿಂದ ಅವರ ಮನೆಗೆ ಜೋಳ ಹೋಗುತ್ತಿತ್ತು. ಔಷಧಕ್ಕೆ ಬೇರೆ ಬೆಲೆ, ಬೇರೆ ಅಂಗಡಿ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಈ ಊರಿನಲ್ಲಿ ರೊಕ್ಕ ಕೊಟ್ಟು ಕಾಗದ ತಂದಿದ್ದೆವು.

ಆ ಕಾಗದ ಹಿಡಿದು ಬಜಾರದ ಅಂಗಡಿಗೆ ಹೋದೆವು. ಅಂಗಡಿಯವರು ಬೆಳ್ಳಗೆ ಹೊಳೆಯುವ ಹಾಳೆಯಲ್ಲಿ ಸಾಲಾಗಿ ಕೂತಿದ್ದ ಗುಳಿಗೆಗಳನ್ನು ತೆಗೆದು ಒಂದು ತಿಂಗಳಿಗೆ ಇಷ್ಟು ಎಂದು ಹೇಳಿದರು. ನಿಮ್ಮಜ್ಜ ಕಿಸೆ ಮುಟ್ಟಿಕೊಂಡರು. ಅಂಗಡಿಯವರು ಮತ್ತೆ ಏನೂ ಕೇಳದೆ ಕತ್ತರಿ ತೆಗೆದುಕೊಂಡು, ಅರಿವೆ ಅಂಗಡಿಯಲ್ಲಿ ಕುಪ್ಪಸದ ತುಂಡು ಕತ್ತರಿಸಿದ ಹಾಗೆ ಒಂದು ಹಾಳೆಯ ಅರ್ಧ ಕತ್ತರಿಸಿ ಕೊಟ್ಟರು. ನಮ್ಮಂಥವರು ಅವರಿಗೆ ದಿನಾ ಬರುತ್ತಾರೆ ಎಂದು ಆ ಕತ್ತರಿ ನೋಡಿಯೇ ತಿಳಿಯಿತು.

ನಾವು ಊರು ಬಿಟ್ಟದ್ದು ನಿಮ್ಮಜ್ಜನ ಜೀವ ಉಳಿಸಿಕೊಳ್ಳುವುದಕ್ಕೆ. ನಿಮ್ಮವ್ವ ಆಗ ಏಳನೆಯ ಇಯತ್ತೆ ಮುಗಿಸಿದ್ದಳು. ಒಂದು ದಿನ ಹೊಲದಲ್ಲಿ ನಿಮ್ಮಜ್ಜನಿಗೆ ತಲೆ ತಿರುಗಿ, ಮೂಗಿನಿಂದ ರಕ್ತ ಸುರಿಯಿತು. ಸವದತ್ತಿಯ ಡಾಕ್ಟರು ನೋಡಿ, ಬಿ.ಪಿ. ಬಹಳ ಏರಿದೆ, ಬಿಸಿಲಲ್ಲಿ ಬಗ್ಗಿ ಕೆಲಸ ಮಾಡಬೇಡಿ, ಗುಳಿಗೆ ದಿನಾ ತೆಗೆದುಕೊಳ್ಳದಿದ್ದರೆ ಲಕ್ವಾ ಹೊಡೆಯುತ್ತದೆ ಎಂದು ಹೇಳಿ ಕಳಿಸಿದರು. ಹೊಲವನ್ನು ನಿಮ್ಮಜ್ಜನ ತಮ್ಮನ ಕೈಗೆ ಬಿಟ್ಟೆವು. ಬೈಲಹೊಂಗಲದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಿಮ್ಮಜ್ಜನಿಗೆ ಕಾವಲಿನ ಕೆಲಸ ಸಿಕ್ಕಿತು. ನೆರಳಿನಲ್ಲಿ ಕೂರುವ ಕೆಲಸ, ಹತ್ತಿರದಲ್ಲೇ ದವಾಖಾನೆ. ಇಷ್ಟು ಸಾಕೆಂದು ಬಂದೆವು.

ಸಿರಸಂಗಿಯಿಂದ ಬೈಲಹೊಂಗಲ ಎಷ್ಟು ದೂರ, ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ ಎಂದು ನೀವು ನಗಬಹುದು. ನನಗೆ ಅದು ಬೇರೆ ರಾಜ್ಯದ ಹಾಗೆ ಇತ್ತು. ಅಲ್ಲಿ ಅಡುಗೆಮನೆ, ಪಡಸಾಲೆ, ಹಿತ್ತಲು ಬೇರೆ ಬೇರೆ. ಇಲ್ಲಿ ಒಂದೇ ಖೋಲಿ. ಒಲೆಗೂ ಹಾಸಿಗೆಗೂ ನಡುವೆ ನನ್ನ ಹಳೆಯ ಸೀರೆಯೊಂದನ್ನು ಕಟ್ಟಿದ್ದೆ. ಹತ್ತಿಯ ಕಾಲದಲ್ಲಿ ಫ್ಯಾಕ್ಟರಿಯಿಂದ ಹಾರಿ ಬಂದ ಎಳೆಗಳು ಬಡಿದ ರೊಟ್ಟಿಯ ಮೇಲೆ ಬಂದು ಕೂರುತ್ತಿದ್ದವು. ಬೇಯಿಸುವ ಮೊದಲು ಉಫ್ ಎಂದು ಊದಬೇಕು. ಸಿರಸಂಗಿಯ ಬಾವಿಯ ಹತ್ತಿರ ಯಾರೂ ನನ್ನನ್ನು ಯಾರ ಪೈಕಿ ಎಂದು ಕೇಳುತ್ತಿರಲಿಲ್ಲ. ಇಲ್ಲಿ ನಳದ ಮುಂದೆ ಅದನ್ನೇ ಮೊದಲು ಕೇಳಿದರು. ಹೇಳಿದರೂ ಅವರಿಗೆ ಗುರುತು ಹತ್ತಲಿಲ್ಲ. ಕೊಡ ತುಂಬಿಸಿಕೊಂಡು ಬಂದು ಕದ ಹಾಕಿಕೊಳ್ಳುತ್ತಿದ್ದೆ. ನಿಮ್ಮವ್ವ ಸಾಲೆಗೆ, ನಿಮ್ಮಜ್ಜ ಕಾವಲಿಗೆ ಹೋದ ಮೇಲೆ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ನಮ್ಮ ಖೋಲಿಯ ಮಾಲಕಿ ಮಾಬೂಬಿ. ನನಗಿಂತ ಹಿರಿಯಳು, ಕೌದಿ ಹೊಲಿಯುವವಳು. ಅವಳ ಮಗ ಟೆಂಪೋದಲ್ಲಿ ಹತ್ತಿಯ ಗಂಟುಗಳನ್ನು ಹುಬ್ಬಳ್ಳಿಗೆ ಒಯ್ಯುತ್ತಿದ್ದ. ಒಂದು ದಿನ ಅವಳು ಅಂಗಳದಲ್ಲಿ ಗುಳಿಗೆ ನುಂಗುವುದನ್ನು ನೋಡಿದೆ. ನಿಮ್ಮಜ್ಜನ ಗುಳಿಗೆಯ ಹಾಗೇ ಇದೆಯಲ್ಲ ಎಂದು ಒಳಗಿನಿಂದ ನಮ್ಮ ಅರ್ಧ ಹಾಳೆ ತಂದು ಪಕ್ಕಕ್ಕಿಟ್ಟೆ. ಮೇಲಿನ ದೊಡ್ಡ ಅಕ್ಷರದ ಹೆಸರು ಬೇರೆ ಇತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ, ಅಕ್ಷರದ ಆಕಾರ ಮಾತ್ರ ನೋಡಬಲ್ಲೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಹೆಸರು ಎರಡರಲ್ಲೂ ಒಂದೇ ತರ ಇತ್ತು. ಅದರ ಮುಂದಿನ ಅಂಕಿಯೂ ಒಂದೇ. ಆ ಅಂಕಿಗೆ ಇಲ್ಲಿಯವರು ಪವರ್ ಎನ್ನುತ್ತಾರೆ. ಗುಳಿಗೆಯಲ್ಲಿ ಔಷಧ ಎಷ್ಟಿದೆ ಎಂಬುದರ ಅಳತೆ ಅದು.

ಅವಳ ಗುಳಿಗೆಗೆ ನಮ್ಮದರ ಅರ್ಧ ಬೆಲೆಯೂ ಇರಲಿಲ್ಲ. ಸರಕಾರಿ ದವಾಖಾನೆಯ ಡಾಕ್ಟರ್ ಬಾಯಿಯನ್ನು, ಅಂದರೆ ಹೆಣ್ಣು ಡಾಕ್ಟರನ್ನು, ಕೇಳಿ ಬೇರೆ ಕಂಪನಿಯದನ್ನು ಬರೆಸಿಕೊಂಡಿದ್ದಳಂತೆ. ನೀನೂ ಕೇಳು ಎಂದಳು. ನನ್ನಿಂದ ಆಗದು ಎಂದೆ. ಸಿರಸಂಗಿಯಲ್ಲಿ ಕಿರಾಣಿ ಅಂಗಡಿಗೂ ನಾನು ಒಬ್ಬಳೇ ಹೋದವಳಲ್ಲ.

"ನಾಚಿಕಿ ಪಡೂದಾದ್ರ ಪೂರಾ ಬೆಲಿ ಕೊಡು ಗಂಗಕ್ಕಾ," ಎಂದಳು ಮಾಬೂಬಿ. "ಅಂಗಡಿಯವ್ರೇನು ಮನಿಗೆ ಬಂದು, ಅಕ್ಕಾರ, ಇದಕ್ಕಿಂತ ಸೋವಿದು ನಮ್ಮ ಹಂತ್ಯಾಕ ಐತಿ ಅಂತ ಹೇಳ್ತಾರೇನು?"

ನಿಮ್ಮಜ್ಜನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಬಾಯಿ ಚಿಕ್ಕ ವಯಸ್ಸಿನವರು. ನಾನು ಸೆರಗು ಹಿಡಿದುಕೊಂಡು ನೆಲ ನೋಡುತ್ತ ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದರು. ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಣ್ಣ ಅಕ್ಷರದ ಹೆಸರನ್ನೇ ದೊಡ್ಡದಾಗಿ ಚೀಟಿಯ ಮೇಲೆ ಬರೆದು, ಇದನ್ನು ತೋರಿಸಿ ಕೇಳಿರಿ, ಮುಂಜಾನೆ ಒಂದು, ರಾತ್ರಿ ಒಂದು, ಉಂಡ ಮೇಲೆ ತೆಗೆದುಕೊಳ್ಳಲಿ ಎಂದರು. ಆ ಚೀಟಿ ಹಿಡಿದು ಅಂಗಡಿಗೆ ಹೋದ ದಿನ ಹಿಂದೆ ಬಂದವರಿಗೆಲ್ಲ ದಾರಿ ಬಿಡುತ್ತ ನಿಂತು, ಕೊನೆಗೆ ಬರಿಗೈಯಲ್ಲಿ ಮನೆಗೆ ಬಂದೆ. ಮರುದಿನ ಮತ್ತೆ ಹೋದೆ. ಮಾಬೂಬಿ ಕಲಿಸಿದ ಹಾಗೆ, ಇದೇ ಔಷಧ, ಇದೇ ಪವರ್, ಸೋವಿ ಕಂಪನಿಯದು ಕೊಡಿರಿ ಎಂದು ಒಂದೇ ಉಸಿರಿಗೆ ಹೇಳಿದೆ. ಅಂಗಡಿಯವರು ನನ್ನ ಮುಖ ನೋಡಿ ಒಳಗೆ ಹೋಗಿ ತಂದುಕೊಟ್ಟರು. ಅಷ್ಟೇ. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಗಂಡನ ಹಿಂದೆ ಈ ಊರಿಗೆ ಬಂದವಳು ನಾನು. ಅವತ್ತು ಮೊದಲ ಸಲ ಈ ಊರು ನನ್ನ ಮಾತನ್ನೂ ಕೇಳುತ್ತದೆ ಅನ್ನಿಸಿತು.

ಆಮೇಲೆ ಮಾಬೂಬಿಯೂ ನಾನೂ ಕೂಡಿದೆವು. ಹುಬ್ಬಳ್ಳಿಯ ಠೋಕ್ ಅಂಗಡಿಯಲ್ಲಿ, ಅಂದರೆ ಸಗಟು ಅಂಗಡಿಯಲ್ಲಿ, ಇಡೀ ಡಬ್ಬಿ ಕೊಂಡರೆ ಇನ್ನೂ ಸೋವಿ. ಇಬ್ಬರ ಚೀಟಿಯನ್ನೂ ಅವಳ ಮಗ ಟೆಂಪೋದಲ್ಲಿ ಒಯ್ದು ಒಂದು ಡಬ್ಬಿ ತರುತ್ತಿದ್ದ. ನಾವು ಅಂಗಳದಲ್ಲಿ ಕೌದಿಯ ಮೇಲೆ ಡಬ್ಬಿ ಸುರುವಿ, ಹಬ್ಬದ ಉಂಡಿ ಹಂಚಿಕೊಂಡ ಹಾಗೆ ಸಮ ಪಾಲು ಮಾಡಿಕೊಳ್ಳುತ್ತಿದ್ದೆವು. ಡಬ್ಬಿಯ ಮೇಲಿನ ತಾರೀಕು ನೋಡುವುದನ್ನೂ ಅವಳೇ ಕಲಿಸಿದಳು.

ಆದರೆ ನಿಮ್ಮಜ್ಜನಿಗೆ ಈ ಜಡ್ಡಿನ ಮೇಲೆ ನಂಬಿಕೆ ಇರಲಿಲ್ಲ. ನಮ್ಮೂರಿನಲ್ಲಿ ಜ್ವರ ಬಂದಾಗ ಗುಳಿಗೆ, ಜ್ವರ ಹೋದ ಮೇಲೆ ಗುಳಿಗೆಯೂ ಹೋಗಬೇಕು. ಇಲ್ಲಿ ಆರಾಮಿದ್ದವರಿಗೂ ದಿನಾ ಗುಳಿಗೆ. "ನೋಯೂದಿಲ್ಲ, ಕೆರಿಯೂದಿಲ್ಲ. ಇದೆಂಥಾ ಜಡ್ಡು? ನನ್ನಕಿಂತ ರೊಕ್ಕಾನ ಹೆಚ್ಚು ತಿಂತೈತಿ," ಎನ್ನುತ್ತಿದ್ದರು. ನಾನು ಬೆಲೆ ಇಳಿಸಿ ತಂದಾಗ ಭೇಷ್ ಎಂದು ಬೆನ್ನು ತಟ್ಟಿದರು. ಆದರೂ ತಿಂಗಳಿಗೊಮ್ಮೆ ರೊಕ್ಕ ಎಣಿಸುವಾಗ ಅವರ ಮುಖ ಸಣ್ಣದಾಗುತ್ತಿತ್ತು. ದುಡಿಯದ ಕೈಗೆ ಖರ್ಚು ಮಾಡುವುದು ಅವರ ಕಣ್ಣಿಗೆ ತಪ್ಪು. ನೆರಳಿನಲ್ಲಿ ಕೂತು ಕಾಯುವುದನ್ನು ಅವರು ದುಡಿಮೆ ಎಂದು ಒಪ್ಪಲೇ ಇಲ್ಲ.

ಮೊದಲಿಂದಲೂ ಅವರು ಸೋಮವಾರ ಒಪ್ಪತ್ತು ಇರುತ್ತಿದ್ದರು. ಹಗಲು ಉಪವಾಸ, ರಾತ್ರಿ ಪೂಜೆಯಾದ ಮೇಲೆ ಒಂದೇ ಊಟ. ಬೈಲಹೊಂಗಲಕ್ಕೆ ಬಂದ ಎರಡನೆಯ ವರ್ಷ ಮಂಗಳವಾರವನ್ನೂ ಹಿಡಿದರು, ಎಲ್ಲಮ್ಮನ ಹೆಸರಿನಲ್ಲಿ. ಆಮೇಲೆ ಗುರುವಾರ. ಊರು ಬಿಟ್ಟು ಬಂದವರಿಗೆ ದೇವರ ನೆನಪು ಹೆಚ್ಚಾಗುತ್ತದೆ ಎಂದು ನಾನು ತಿಳಿದೆ. ನನಗೂ ಹಾಗೇ ಆಗಿತ್ತು. ಊರಿನಿಂದ ಬಂದ ನನ್ನ ನೆಗೆಣ್ಣಿ ನೀಲವ್ವ, ಅಂದರೆ ನಿಮ್ಮಜ್ಜನ ತಮ್ಮನ ಹೆಂಡತಿ, ಇದನ್ನು ಕೇಳಿ ಕೈ ಮುಗಿದು, ಭಾವಾರು ಸ್ವಾಮಿಗಳಾಗಾಕ ಹತ್ಯಾರ ಎಂದು ನಕ್ಕಳು.

ಗುಳಿಗೆಗಳನ್ನು ಅವರು ಫ್ಯಾಕ್ಟರಿಯ ಕಾವಲಿನ ಖೋಲಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುಂಜಾನೆಯ ಬುತ್ತಿ ಅಲ್ಲೇ, ಎಷ್ಟೋ ಸಲ ರಾತ್ರಿಯ ಊಟವೂ ಅಲ್ಲೇ.

ಒಂದು ದಿನ ಮಾಬೂಬಿ ಬಂದು, ಮಗ ನಾಳೆ ಹುಬ್ಬಳ್ಳಿಗೆ ಹೋಗುತ್ತಾನೆ, ಡಬ್ಬಿ ತರಲು ಹೇಳಲೇ ಎಂದು ಕೇಳಿದಳು. ಇನ್ನೂ ಬಹಳ ಉಳಿದಿವೆ ಎಂದು ಅವರೇ ಹೇಳಿದ್ದಾರೆ ಎಂದೆ. ಅವಳು ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತಳು.

"ಇಬ್ಬರದೂ ದಿನಕ್ಕ ಎರಡು. ಪಾಲು ಮಾಡಿದ್ದು ಒಂದ ದಿನ," ಎಂದಳು. "ನಂದು ಮುಗದೈತಿ. ನಿಮ್ಮ ಯಜಮಾನರದು ಹೆಂಗ ಉಳೀತು?"

ನಾನು ಒಪ್ಪತ್ತಿನ ಮಾತು ಹೇಳಿದೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಉಂಡ ಮೇಲೆ ತೆಗೆದುಕೊಳ್ಳಬೇಕಾದ ಗುಳಿಗೆ. ಉಣ್ಣದ ಹೊತ್ತಿನದನ್ನು ಏನು ಮಾಡುತ್ತಿದ್ದರು?

ಮಾಬೂಬಿ ರಂಜಾನ್ ತಿಂಗಳಲ್ಲಿ ರೋಜಾ ಇರುವವಳು. ಹಗಲೆಲ್ಲ ಹನಿ ನೀರೂ ಮುಟ್ಟುವುದಿಲ್ಲ. ಆ ತಿಂಗಳು ಹಿಡಿಯುವ ಮೊದಲೇ ಡಾಕ್ಟರ್ ಬಾಯಿಯ ಹತ್ತಿರ ಹೋಗಿ, ಒಂದು ಗುಳಿಗೆ ನಸುಕಿನ ಊಟಕ್ಕೆ, ಒಂದು ಸಂಜೆ ರೋಜಾ ಬಿಟ್ಟ ಮೇಲೆ ಎಂದು ಹೊತ್ತು ಬದಲಿಸಿಕೊಂಡು ಬರುತ್ತಿದ್ದಳು. ಉಪವಾಸ ಬಿಡಲಿಲ್ಲ, ಗುಳಿಗೆಯನ್ನೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಒಪ್ಪತ್ತಿನ ವಿಷಯ ಡಾಕ್ಟರ ಮುಂದೆ ಹೇಳುವ ಮಾತು ಎಂದು ನಮ್ಮ ಪೈಕಿ ಯಾರಿಗೂ ಅನ್ನಿಸುವುದೂ ಇಲ್ಲ.

ಸಂಜೆ ನಿಮ್ಮಜ್ಜ ಬಂದಾಗ ನೀರು ಕೊಟ್ಟು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಡಾಕ್ಟರ್ ಬಾಯಿ ಏನಂದಾಳ? ಉಂಡ ಮ್ಯಾಲೆ ತಗೋರಿ ಅಂದಾಳ. ಉಣದ ಹೊತ್ತಿಗೆ ತಗೋರಿ ಅಂದಾಳೇನು?"

"ಮೊದಲು ಸೋಮವಾರ ಒಂದ ಇತ್ತಲ್ರಿ," ಎಂದೆ. "ಉಳಿದ ವಾರ ಯಾಕ ಹಿಡದ್ರಿ?"

ಅವರು ತಂಬಿಗೆ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಸೋಮವಾರದ ಗುಳಿಗಿ ಉಳೀತಿತ್ತು. ನನಗೇನೂ ಆಗಲಿಲ್ಲ. ಮತ್ತೊಂದು ವಾರ ಬಿಟ್ಟು ನೋಡಿದೆ. ಆಗಲೂ ಏನೂ ಆಗಲಿಲ್ಲ. ದೇವರ ಹೆಸರು ಹೇಳಿದ್ರ ನೀ ಉಣ್ರಿ ಅಂತ ಒತ್ತಾಯ ಮಾಡಂಗಿಲ್ಲ. ಮಗಳು ಕಾಲೇಜಿಗೆ ಹೋಗೂಕೀ ಅದಾಳ, ಹೌದಲ್ಲ?"

ನಾನು ಸೋವಿ ಮಾಡಿಕೊಂಡು ತಂದ ಗುಳಿಗೆಯನ್ನು ಅವರು ಅದಕ್ಕಿಂತಲೂ ಸೋವಿ ಮಾಡುವ ದಾರಿ ಕಂಡುಕೊಂಡಿದ್ದರು.

ಮರುದಿನ ನಾನೇ ಮುಂದೆ ನಡೆದು ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಬಿ.ಪಿ. ನೋಡಿದ ಡಾಕ್ಟರ್ ಬಾಯಿಯ ಮುಖ ಬದಲಾಯಿತು. ನಡೆದದ್ದನ್ನೆಲ್ಲ ಈ ಸಲ ನಾನು ನೆಲ ನೋಡದೆ ಹೇಳಿದೆ. ಅವರು ಬೈಯಲಿಲ್ಲ. "ಒಪ್ಪತ್ತು ಇರ್ರಿ ಅಜ್ಜಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಗುಳಿಗಿಗೆ ವಾರ ಇಲ್ಲ. ಒಂದು ಬಾಳಿಹಣ್ಣು ತಿಂದು ನುಂಗ್ರಿ. ದೇವರೇನು ಸಿಟ್ಟಾಗಂಗಿಲ್ಲ," ಎಂದರು. ನಿಮ್ಮಜ್ಜ ತಲೆ ಅಲ್ಲಾಡಿಸಿದರು. ಅವತ್ತಿನಿಂದ ಗುಳಿಗೆಗಳು ನನ್ನ ಹತ್ತಿರ ಇದ್ದವು. ಮುಂಜಾನೆ ನನ್ನ ಕಣ್ಣ ಮುಂದೆ ನುಂಗಿ, ನಾಲಗೆ ಚಾಚಿ ತೋರಿಸಿ ನನ್ನನ್ನು ಅಣಕಿಸಿ ಹೋಗುತ್ತಿದ್ದರು. ರಾತ್ರಿಯದನ್ನು ಬುತ್ತಿಯ ಜೊತೆ ಕಟ್ಟಿ ಕೊಡುತ್ತಿದ್ದೆ. ಮಳೆಗಾಲ ಹಿಡಿಯುವವರೆಗೆ ಎಲ್ಲ ಸರಿಯಿತ್ತು. ಬಿ.ಪಿ. ಇಳಿದಿತ್ತು. ಈಗ ಬರೆಯುವಾಗ ತಿಳಿಯುತ್ತದೆ, ಬೈಲಹೊಂಗಲದಲ್ಲಿ ನಮ್ಮ ಸುಖದ ಕಾಲ ಎಂದರೆ ಅದೇ.

ಶ್ರಾವಣದಲ್ಲಿ ಸಿರಸಂಗಿಯಿಂದ ಕರೆ ಬಂತು. ತಿಂಗಳ ಪೂಜೆಗೆ ಹಿರಿಯ ಮಗ ಮನೆಯಲ್ಲಿ ಇರಬೇಕು. ನಿಮ್ಮವ್ವನ ಪರೀಕ್ಷೆ ಇದ್ದುದರಿಂದ ನಾನು ಹಿಂದೆ ಉಳಿದೆ. ಗುಳಿಗೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅವರ ಚೀಲದಲ್ಲಿ ಅರಿವೆಗಳ ಮೇಲೆಯೇ ಇಟ್ಟೆ. ಮರೆಯಬೇಡಿರಿ ಎಂದೆ. ಊರಿಗೆ ಹೊರಟ ಖುಷಿಯಲ್ಲಿ ನಿಮ್ಮಜ್ಜ ಹೂಂ ಎಂದರು.

ಆ ಮನೆಯಲ್ಲಿ ಶ್ರಾವಣದ ತಿಂಗಳಿಡೀ ಒಪ್ಪತ್ತು. ಮುಂಜಾನೆ ಯಾರೂ ಏನೂ ತಿನ್ನುವುದಿಲ್ಲ. ತಮ್ಮ, ತಮ್ಮನ ಮಕ್ಕಳು, ಬಂದ ಬೀಗರು ಎಲ್ಲರೂ ಬರಿಹೊಟ್ಟೆಯಲ್ಲಿ ಪೂಜೆಗೆ ಕೂತಿರುವಾಗ ಹಿರಿಯ ಮಗನಾದವನು ಬಾಳೆಹಣ್ಣು ಸುಲಿದು ತಿನ್ನುವುದು ಹೇಗೆ? ಬೈಲಹೊಂಗಲದಲ್ಲಿ ಅದು ಗುಳಿಗೆ. ಸಿರಸಂಗಿಯಲ್ಲಿ ಅದು ವ್ರತಭಂಗ. ಇಲ್ಲಿ ನನ್ನ ಮುಂದೆ ನಾಲಗೆ ಚಾಚಿದವರಿಗೆ ಅಲ್ಲಿ ಬಾಯಿ ತೆರೆಯಲು ಆಗಲಿಲ್ಲ. ಹಗಲು ಬಿಟ್ಟದ್ದನ್ನು ರಾತ್ರಿಯೂ ತೆಗೆದುಕೊಳ್ಳಲಿಲ್ಲ. ಮನೆ ತುಂಬ ಜನ, ಯಾರಾದರೂ ಏನದು ಎಂದು ಕೇಳಿಯಾರು ಎಂಬ ಸಂಕೋಚವೋ, ಊರಿನ ಗಾಳಿಯಲ್ಲಿ ಆರಾಮಿದ್ದೇನೆ ಎಂಬ ಧೈರ್ಯವೋ ನನಗೆ ತಿಳಿಯದು.

ಎರಡನೆಯ ಸೋಮವಾರ ಪೂಜೆಗೆ ಕೂತವರು ಪಕ್ಕಕ್ಕೆ ವಾಲಿದರಂತೆ. ಬಾಯಿ ಸೊಟ್ಟಗಾಗಿತ್ತಂತೆ. ಟ್ರ್ಯಾಕ್ಟರಿನಲ್ಲಿ ಸವದತ್ತಿಗೆ ಒಯ್ದರು. ನನಗೆ ಸುದ್ದಿ ಮುಟ್ಟಿ, ನಿಮ್ಮವ್ವನನ್ನು ಕರೆದುಕೊಂಡು ಬಸ್ಸು ಹತ್ತಿ ಸವದತ್ತಿ ದವಾಖಾನೆಗೆ ಹೋಗುವಷ್ಟರಲ್ಲಿ ಅವರಿಗೆ ಎಚ್ಚರ ಇರಲಿಲ್ಲ. ನಾನು ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು. ಸಂಜೆಯ ಹೊತ್ತಿಗೆ ಅದೂ ಹೋಯಿತು.

ಸಿರಸಂಗಿಯಲ್ಲಿ ಮಣ್ಣಾಯಿತು. ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಶ್ರಾವಣ ಸೋಮವಾರ, ಪೂಜೆಗೆ ಕೂತಲ್ಲೇ, ಇಂಥ ಸಾವು ಎಷ್ಟು ಜನಕ್ಕೆ ಬರುತ್ತದೆ, ಪುಣ್ಯವಂತ. ನೀಲವ್ವ ನನ್ನ ತೋಳು ಹಿಡಿದು ಅದನ್ನೇ ಹೇಳುತ್ತ ಅತ್ತಳು. ಮೂಲೆಯಲ್ಲಿ ಅವರ ಚೀಲ ಇತ್ತು. ಬಿಚ್ಚಿ ನೋಡಿದೆ. ಡಬ್ಬಿ ನಾನು ಇಟ್ಟ ಹಾಗೇ ಇತ್ತು. ಒಂದೂ ಕಡಿಮೆಯಾಗಿರಲಿಲ್ಲ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಪುಣ್ಯವಂತ ಎಂದು ಅಳುತ್ತಿದ್ದವರ ನಡುವೆ ಅದನ್ನು ತೋರಿಸಿ ನಾನು ಏನು ಹೇಳಬೇಕಿತ್ತು?

ಅಲ್ಲೇ ಇರು ಎಂದರು. ಮೈದುನರು ಒಳ್ಳೆಯವರು, ಮನೆ ದೊಡ್ಡದು, ಹೊಲದಲ್ಲಿ ನಮ್ಮ ಪಾಲೂ ಇತ್ತು. ನಾನು ನಿಮ್ಮವ್ವನನ್ನು ಕರೆದುಕೊಂಡು ಹತ್ತಿಯ ಎಳೆ ಹಾರುವ ಈ ಊರಿಗೇ ತಿರುಗಿ ಬಂದೆ. ಮಗಳ ಓದು ಎಂದು ಎಲ್ಲರಿಗೂ ಹೇಳಿದೆ, ಅದು ಸುಳ್ಳಲ್ಲ. ಆದರೆ ನಿಮ್ಮಜ್ಜ ಹೇಗೆ ಹೋದರು ಎಂದು ಬಲ್ಲವಳು ನನ್ನನ್ನು ಬಿಟ್ಟರೆ ಮಾಬೂಬಿ ಒಬ್ಬಳೇ. ಅವಳ ಎದುರಿಗೆ ಅತ್ತರೆ ನಾನು ಯಾವುದಕ್ಕೆ ಅಳುತ್ತಿದ್ದೇನೆ ಎಂದು ಹೇಳಬೇಕಾಗಿರಲಿಲ್ಲ. ಉಳಿದ ಗುಳಿಗೆಗಳನ್ನು ಅವಳ ಮುಂದೆ ಇಟ್ಟೆ. ಅವಳು ಬಹಳ ಹೊತ್ತು ಮುಟ್ಟಲಿಲ್ಲ. "ದವಾ ಅಕ್ಕಾ, ಚೆಲ್ಲಬಾರದು," ಎಂದು ಆಮೇಲೆ ತೆಗೆದುಕೊಂಡಳು. ಅವಳ ಜೊತೆ ಕೌದಿ ಹೊಲಿಯುತ್ತ ನಿಮ್ಮವ್ವನನ್ನು ಓದಿಸಿ, ರಾಮದುರ್ಗಕ್ಕೆ ಕೊಟ್ಟೆ. ಆಮೇಲಿನದು ನಿಮಗೆ ಗೊತ್ತು.

ಈಗ ನನಗೂ ಬಿ.ಪಿ. ಇದೆ. ನನ್ನ ಗುಳಿಗೆಯನ್ನು ನಾನೇ ಕೊಳ್ಳುತ್ತೇನೆ. ಬೆಲೆ ಕೇಳಲು, ಬೇರೆ ಕಂಪನಿಯದು ಇದೆಯೇ ಎನ್ನಲು, ತಾರೀಕು ನೋಡಿ ಹಿಂದಕ್ಕೆ ಕೊಡಲು ನಾಚುವುದಿಲ್ಲ. ಡಾಕ್ಟರ್ ಬಾಯಿಗೆ ಕಿತ್ತೂರಿಗೆ ವರ್ಗವಾದಾಗ ಒಮ್ಮೆ ಅಲ್ಲಿಯವರೆಗೂ ಹೋಗಿ ಕೇಳಿ ಬಂದಿದ್ದೇನೆ. ಅಂಗಡಿಯಲ್ಲಿ ನನ್ನಂಥ ಯಾರಾದರೂ ಚೀಟಿ ಹಿಡಿದು ಹಿಂದೆ ನಿಂತಿದ್ದರೆ ಮುಂದೆ ಕರೆಯುತ್ತೇನೆ. ಈ ಊರಿನಲ್ಲಿ ನಾನು ಇಂಥವಳು.

ಸಿರಸಂಗಿಯಲ್ಲಿ ನಾನು ಬೇರೆ. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಅವರ ನೆನಪಿನ ಪೂಜೆಗೆ ಹೋಗುತ್ತೇನೆ. ಅಲ್ಲಿ ನಾನು ಪುಣ್ಯವಂತನ ಹೆಂಡತಿ. ನನ್ನ ಕೈಯಿಂದಲೇ ಮೊದಲ ಆರತಿ ಮಾಡಿಸುತ್ತಾರೆ. ಹೋದ ವರ್ಷ ಆ ಸೋಮವಾರ ಎಲ್ಲರೂ ಪೂಜೆಗೆ ಕೂರುವ ಮೊದಲು ನಾನು ಅಡುಗೆಮನೆಗೆ ಹೋಗಿ ನೀಲವ್ವನಿಗೆ, "ನನಗ ಅರ್ಧ ರೊಟ್ಟಿ ಕೊಡವ್ವಾ," ಎಂದೆ. ಅವಳು ನನ್ನ ಮುಖ ನೋಡಿದಳು. ಪಡಸಾಲೆಯಲ್ಲಿ ಮಾತು ನಿಂತಿತು. ನಾನು ಬಾಗಿಲಿಗೆ ಬೆನ್ನು ಮಾಡಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕೂತು ತಿಂದು, ಗುಳಿಗೆ ನುಂಗಿ, ನೀರು ಕುಡಿದೆ. ಆ ಸಲ ಆರತಿಯನ್ನು ನೀಲವ್ವನ ಕೈಯಿಂದ ಮಾಡಿಸಿದರು.

ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳು. ಅದು ನನ್ನ ಮನೆ. ನಿಮ್ಮಜ್ಜ ಇರುವುದು ಅದೇ ಮಣ್ಣಿನಲ್ಲಿ. ಬೈಲಹೊಂಗಲದಲ್ಲಿ ನನಗೆ ಇಂದಿಗೂ ಬಾಡಿಗೆಯ ಖೋಲಿ, ಮಾಬೂಬಿಯೂ ಈಗ ಇಲ್ಲ. ಅಲ್ಲಿ ಹೋದರೆ ಸುಮ್ಮನಿರಬೇಕು. ಇಲ್ಲಿ ಮಾತಾಡಬಹುದು, ಆದರೆ ಕೇಳುವವರಿಲ್ಲ. ಅದಕ್ಕೇ ನಿಮಗೆ ಬರೆದೆ.

ಈ ಹಾಳೆಗಳನ್ನು ಸಿರಸಂಗಿಯ ಮನೆಯಲ್ಲಿ ಓದಬೇಡಿರಿ. ಅವರ ಹತ್ತಿರ ಇರುವ ನಿಮ್ಮಜ್ಜ ಅವರಿಗೆ ಹಾಗೇ ಇರಲಿ. ನೀವು ಮಾತ್ರ ಇವನ್ನು ಒದ್ದೆಯಾಗದಂತೆ, ಹರಿಯದಂತೆ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ. ಈ ಜಡ್ಡು ರಕ್ತದಲ್ಲಿ ಬರುತ್ತದಂತೆ. ಮುಂದೆ ಯಾವತ್ತಾದರೂ ನಿಮ್ಮಲ್ಲೊಬ್ಬರಿಗೆ ಡಾಕ್ಟರು ಇನ್ನು ಕೊನೆಯವರೆಗೆ ಗುಳಿಗೆ ಎಂದರೆ, ಇವನ್ನು ಹೊರಗೆ ತೆಗೆಯಿರಿ. ಬೆಲೆ ಎಷ್ಟು ಬೇಕಾದರೂ ಚೌಕಾಸಿ ಮಾಡಿರಿ. ಗುಳಿಗೆಯನ್ನು ಮಾತ್ರ ಒಂದು ದಿನವೂ ಉಳಿಸಬೇಡಿರಿ.